ಬೂದುಬಣ್ಣದ ಗುಂಡಿಲಿ

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಹದಿಮೂರನೆಯ ದಿನ ಮನೆಗೆ ಒಂದು ಪ್ರಾಣಿ ಬರಬೇಕು. ತಿಥಿಯೂಟಕ್ಕೆ ಬಂದವರು ಕೈ ತೊಳೆಯುವ ಹೊತ್ತಿಗೆ ಮನೆಯವರು ಪ್ರಾಣಿಯಂಗಡಿಗೆ ಹೋಗಿ, ಉಸಿರಾಡುವ ಒಂದು ಜೀವವನ್ನು ಆರಿಸಿ ತಂದು ನಡುಮನೆಯಲ್ಲಿಡಬೇಕು. ಅದು ಬದುಕಿರುವವರೆಗೂ ಆ ಮನೆಗೆ ಸೂತಕ. ಬಾಗಿಲಿಗೆ ಬಿಳಿ ಬಟ್ಟೆ ಕಟ್ಟಿರುತ್ತದೆ, ಮನೆಯವರು ನೆರೆಯವರ ಹೊಸಿಲು ದಾಟುವುದಿಲ್ಲ, ಒಲೆಯ ಮೇಲೆ ಒಗ್ಗರಣೆ ಹಾಕುವುದಿಲ್ಲ. ಪ್ರಾಣಿ ಸತ್ತ ದಿನ ಬಟ್ಟೆ ಬಿಚ್ಚಿ ಒಗ್ಗರಣೆ ಹಾಕುತ್ತಾರೆ. ಸಾಸಿವೆ ಸಿಡಿದ ಸದ್ದು ಕೇಳಿದ ನೆರೆಯವರು ಕರಿಬೇವಿನ ಎಸಳು ಹಿಡಿದುಕೊಂಡು ಬರುತ್ತಾರೆ. ಇಷ್ಟೇ. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ, ತಿಳಿದುಕೊಳ್ಳುವ ತ್ರಾಣವೂ ಉಳಿದಿಲ್ಲ.

ನಮ್ಮ ಬೀದಿಯ ಕೊನೆಗೆ ಆಮೆ ಮನೆ ಇದೆ. ಆ ಮನೆಯ ಯಾವನೋ ಪುಣ್ಯಾತ್ಮ ತನ್ನ ಅಪ್ಪನ ಮೇಲಿನ ಪ್ರೀತಿಗೆ ಆಮೆ ತಂದಿಟ್ಟ. ಪ್ರೀತಿಸಿದವನೂ ಹೋದ, ಅವನ ಮಕ್ಕಳೂ ಹೋದರು. ಆಮೆ ಮಾತ್ರ ಬಾವಿಕಟ್ಟೆಯ ಪಕ್ಕ ಇನ್ನೂ ಸೊಪ್ಪು ತಿನ್ನುತ್ತಿದೆ. ಸತ್ತವನ ಹೆಸರು ಆ ಮನೆಯವರಿಗೇ ನೆನಪಿಲ್ಲ. ಅಲ್ಲಿಗೆ ಹೆಣ್ಣು ಕೊಡುವವರು ಸಾಸಿವೆಯ ಆಸೆ ಬಿಡು ತಾಯಿ ಎಂದು ಮಗಳಿಗೆ ಮೊದಲೇ ಹೇಳಿ ಕಳಿಸುತ್ತಾರೆ. ಬೇಸತ್ತು ಯಾರಾದರೂ ಪ್ರಾಣಿಯನ್ನು ಕೈಯಾರೆ ಕೊಂದರೋ, ಊರಿನವರೇ ಅಂಥ ಒಂದು ಆಮೆಯನ್ನು ತಂದು ಅವರ ಮನೆಯಲ್ಲಿ ಬಿಡುತ್ತಾರೆ. ಹಾಗಾಗಿ ಒಳಗೊಳಗೆ ಏನೇ ಅಂದುಕೊಂಡರೂ ಎಲ್ಲರೂ ಪ್ರಾಣಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ.

ನನ್ನ ಹೆಸರು ಸರ್ವಮಂಗಳ. ಹೆಸರಿಟ್ಟವರಿಗೆ ನನ್ನ ಹಣೆಬರಹ ಗೊತ್ತಿರಲಿಲ್ಲ. ಅಮ್ಮ ಹೋದಾಗ ಅಪ್ಪ ಗಿಣಿ ತಂದ. ಲಂಗ ಉಟ್ಟುಕೊಂಡಿದ್ದ ನಾನು ಸೀರೆ ಉಟ್ಟು ಮದುವೆಗೆ ಬರುವ ತನಕ ಆ ಗಿಣಿ ಗಟ್ಟಿಮುಟ್ಟಾಗಿ ಬದುಕಿತು. ಮದುವೆಯಾಗಿ ಬಂದ ಮೇಲಾದರೂ ಸಾರಿಗೆ ಒಗ್ಗರಣೆ ಬಿದ್ದೀತು ಎಂದುಕೊಂಡರೆ, ವರ್ಷ ತುಂಬುವುದರೊಳಗೆ ಮಾವ ಹೋದರು. ಅತ್ತೆ ಮೊಲ ತಂದರು. ಆ ಮೊಲವೂ ಮುದಿಯಾಗಿ, ಹಲ್ಲು ಸವೆದು, ಗಂಜಿ ಕುಡಿದು ಬದುಕಿತು. ಅದು ಹೋದ ಮೇಲೆ ನನಗೆ ಕೆಲವು ವರ್ಷ ಸಿಕ್ಕವು. ಮುಂದಿನ ಕೋಣೆಯಲ್ಲಿ ತಿಂಡಿ ಮನೆ ಹಾಕಿದೆ. ಚಿತ್ರಾನ್ನ, ಉಪ್ಪಿಟ್ಟು, ಪುಳಿಯೋಗರೆ, ಎಲ್ಲ ಒಗ್ಗರಣೆಯ ತಿಂಡಿಗಳೇ. ಬೆಳಿಗ್ಗೆ ಬಾಣಲೆಯಲ್ಲಿ ಸಾಸಿವೆ ಚಟಪಟ ಅಂದಾಗ ನನ್ನ ಮೈಗೆ ಜೀವ ಬರುತ್ತಿತ್ತು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಬರುತ್ತಿತ್ತು.

ಆಮೇಲೆ ನನ್ನ ಗಂಡ ವಿರೂಪಾಕ್ಷನಿಗೆ ಸಕ್ಕರೆ ಕಾಯಿಲೆ ಬಂತು. ಮೊದಲು ಕಾಲ್ಬೆರಳು ಹೋಯಿತು, ಆಮೇಲೆ ಪಾದ, ಕೊನೆಗೆ ಮೂತ್ರಪಿಂಡ. ತಿಂಡಿ ಮನೆ ಮುಚ್ಚಿ ಅವನನ್ನು ನೋಡಿಕೊಂಡೆ. ಗಾಯ ತೊಳೆದೆ, ಮೆಂತ್ಯ ನೆನೆಸಿದೆ, ಸೂಜಿ ಚುಚ್ಚಿದೆ, ಒಂದು ಚೂರು ಹೋಳಿಗೆ ಕೊಡೇ ಎಂದು ಅವನು ಅಂಗಲಾಚಿದಾಗ ಮುಖ ತಿರುಗಿಸಿಕೊಂಡು ಕೂತೆ. ಅವನು ಹೋದ ದಿನ ನನಗೆ ಅಳು ಬರಲಿಲ್ಲ, ನಿದ್ದೆ ಬಂತು. ಹೆಣದ ಪಕ್ಕದಲ್ಲೇ ಗೋಡೆಗೊರಗಿ ನಿದ್ದೆ ಹೋದೆನಂತೆ. ಬೀದಿಯವರೆಲ್ಲ ನೋಡಿದರು. ಅತ್ತೆಯೂ ನೋಡಿದರು.

ನಮ್ಮ ಅತ್ತೆ ಪುಟ್ಟಗೌರಮ್ಮ ಹೆಚ್ಚು ಮಾತಿನವರಲ್ಲ. ಎಡಗಿವಿ ಮಂದ, ಬಲಗಿವಿ ಅವರಿಗೆ ಬೇಕಾದಾಗ ಮಾತ್ರ ಚುರುಕು. ಹದಿಮೂರನೆಯ ದಿನ ಇಬ್ಬರೂ ಝಕ್ರಿಯಾ ಸಾಬರ ಪ್ರಾಣಿಯಂಗಡಿಗೆ ಹೊರಟೆವು. ಏನು ತರುವುದು ಎಂದು ನಾನು ಮೊದಲೇ ತೀರ್ಮಾನಿಸಿದ್ದೆ: ಹ್ಯಾಮ್‌ಸ್ಟರ್. ಆಗಷ್ಟೇ ಊರಿಗೆ ಬಂದಿದ್ದ, ದುಂಡನೆಯ ಇಲಿಯಂಥ ಆ ಜೀವವನ್ನು ಊರ ಹೆಂಗಸರು ಗುಂಡಿಲಿ ಎನ್ನುತ್ತಿದ್ದರು. ಗುಂಡಿಲಿ ಎಂದರೆ ಎರಡು ಮೂರು ವರ್ಷದ ಮಾತು. ಸತ್ತವರ ಮರ್ಯಾದೆಯನ್ನು ಅಂಗೈಯಗಲಕ್ಕೆ ಇಳಿಸಿಬಿಟ್ಟರು ಎಂದು ಹಿರಿಯರು ಗೊಣಗುತ್ತಿದ್ದರು. ಗೊಣಗಿದವರ ಮನೆಯಲ್ಲೇ ಯಾರಾದರೂ ಹೋದಾಗ ಸದ್ದಿಲ್ಲದೆ ಅದನ್ನೇ ತರುತ್ತಿದ್ದರು ಅನ್ನಿ. ಅದರಲ್ಲೂ ಅತಿ ಕಡಿಮೆ ಬದುಕುವ ಜಾತಿ ಯಾವುದು ಎಂಬುದೊಂದೇ ನನಗೆ ಬೇಕಿತ್ತು. ಹೊರಗೆ ಹೇಳುವಂಥ ಆಸೆಯಲ್ಲ ಅದು. ಕಟ್ಟಿಕೊಂಡವಳು ಏನು ತಂದಳು ಎನ್ನುವುದರ ಮೇಲೆ ಊರು ಅವಳ ಪ್ರೀತಿಯನ್ನು ಅಳೆಯುತ್ತದೆ.

ಅಂಗಡಿಗೆ ಕಾಲಿಡುತ್ತಲೇ ಅತ್ತೆ ಆಮೆಯ ತೊಟ್ಟಿಯ ಹತ್ತಿರ ಹೋಗಿ ನಿಂತರು. ಅಂಗಡಿಯಲ್ಲಿ ಹೆತ್ತವಳು ಬಾಯಿ ಬಿಟ್ಟರೆ ಕಟ್ಟಿಕೊಂಡವಳ ಮಾತು ನಡೆಯುವುದಿಲ್ಲ, ಅದೂ ಪದ್ಧತಿಯೇ. ಅವರು ಆಮೆ ಎನ್ನುವುದರೊಳಗೆ ಮುಗಿಸಿಬಿಡಬೇಕೆಂದು ನಾನು ಅವಸರ ಅವಸರವಾಗಿ ಕೇಳಿದೆ.

"ಸಾಬ್ರೇ, ಗುಂಡಿಲಿ ತೋರ್ಸಿ."

ಝಕ್ರಿಯಾ ಸಾಬರು ಯಾರು ಹೋದರು ಎಂದು ಯಾರನ್ನೂ ಕೇಳುವವರಲ್ಲ. ಬಾಗಿಲಿಗೆ ಬಂದವರ ಮುಖ ನೋಡಿಯೇ ದನಿ ತಗ್ಗಿಸುತ್ತಾರೆ. ಗಾಜಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ಇದು ಸಿರಿಯನ್. ಹೊನ್ನಿನ ಬಣ್ಣ. ಕೈಲಿಟ್ಕೊಂಡ್ರೆ ಮಗು ಥರ ಕೂತ್ಕೊಳುತ್ತೆ. ಒಂಟಿಯಾಗೇ ಇರ್ಬೇಕು, ಜೊತೆ ಹಾಕಿದ್ರೆ ಕಚ್ಚಾಡಿ ಸಾಯ್ತವೆ. ಎರಡೂವರೆ ವರ್ಷ ಇರುತ್ತೆ, ಮೂರಕ್ಕೆ ಬಂದ್ರೂ ಬಂತು. ಇದು ರೋಬೋ, ಪೂರ್ತಿ ಹೆಸರು ನನ್ನ ಬಾಯಿಗೆ ಬರಲ್ಲ. ಹೆಬ್ಬೆಟ್ಟಿನಷ್ಟಿದೆ ಅಂತ ಮೋಸ ಹೋಗ್ಬೇಡಿ, ಎಲ್ಲಕ್ಕಿಂತ ಗಟ್ಟಿ ಪಿಂಡ ಇದು. ಕೈಗೆ ಸಿಗಲ್ಲ, ಬರೀ ಓಡ್ತಿರುತ್ತೆ. ದೊಡ್ಡ ಮನೆಯೋರು ಇದನ್ನೇ ಒಯ್ತಾರೆ, ಮೂರು ವರ್ಷ ದಾಟುತ್ತೆ."

"ಆ ಬೂದುಬಣ್ಣದ್ದು?"

"ಅದು ಕ್ಯಾಂಬೆಲ್. ಬೆನ್ನ ಮೇಲೆ ಕರೀ ಗೆರೆ ಇದ್ಯಲ್ಲ, ಅದೇ ಗುರುತು. ಒಂದೂವರೆ ವರ್ಷ. ಎರಡು ಅಂದ್ರೆ ಹೆಚ್ಚು." ಸಾಬರು ಆ ಪೆಟ್ಟಿಗೆಯನ್ನು ಕೊಂಚ ಪಕ್ಕಕ್ಕೆ ಸರಿಸಿದರು. "ಮುಚ್ಚಿಟ್ಟು ಮಾರೋನಲ್ಲ ನಾನು. ಈ ಜಾತಿಗೆ ಸಕ್ಕರೆ ಕಾಯಿಲೆ ಜಾಸ್ತಿ. ನೀರು ಕುಡ್ದೂ ಕುಡ್ದೂ ಸೊರಗುತ್ತೆ. ಬಂದ್ರೆ ಇನ್ನೂ ಬೇಗ."

ನಾನು ಹುಡುಕಿಕೊಂಡು ಬಂದದ್ದು ಅದನ್ನೇ. ಆದರೆ ಸಕ್ಕರೆ ಕಾಯಿಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಪೆಟ್ಟಿಗೆಯತ್ತ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಬೂದುಬಣ್ಣದ್ದು ಹಿಂಗಾಲ ಮೇಲೆ ಕೂತು, ಮುಂಗಾಲುಗಳಲ್ಲಿ ಸೂರ್ಯಕಾಂತಿ ಬೀಜ ಹಿಡಿದು ನನ್ನನ್ನೇ ನೋಡುತ್ತಿತ್ತು. ಇನ್ನೊಂದು ಜೀವ ನೀರು ನೀರು ಅನ್ನುವುದನ್ನು ನೋಡಲು ನನ್ನಿಂದಾಗದು. ಬೇಕಾದರೆ ಒಂದು ವರ್ಷ ಹೆಚ್ಚೇ ಸಪ್ಪೆ ಉಣ್ಣುತ್ತೇನೆ.

"ಸಿರಿಯನ್ನೇ ಕೊಡಿ ಸಾಬ್ರೇ," ಎಂದೆ.

"ಬೂದುಬಣ್ಣದ್ದು ಕೊಡಿ," ಎಂದರು ಅತ್ತೆ, ತೊಟ್ಟಿಯ ಕಡೆಯಿಂದ ತಿರುಗದೆಯೇ.

"ಅತ್ತೆ, ಅದಕ್ಕೆ ಸಕ್ಕರೆ—"

"ಬೂದುಬಣ್ಣದ್ದೇ ಇರ್ಲಿ."

ಹೆತ್ತವಳ ಮಾತು, ಮುಗಿಯಿತು. ದಾರಿಯುದ್ದಕ್ಕೂ ಪಂಜರ ಹಿಡಿದು ನಡೆಯುತ್ತ ನಾನು ಒಳಗೊಳಗೇ ಕುದ್ದೆ. ಸಾಬರು ಹೇಳಿದ್ದು ಇವರಿಗೆ ಕೇಳಿಸಿಲ್ಲ, ಬಣ್ಣ ನೋಡಿ ಆರಿಸಿಬಿಟ್ಟರು ಎಂದುಕೊಂಡೆ. ಇನ್ನೊಂದು ಗಳಿಗೆಗೆ ಕೇಳಿಸಿಯೇ ಆರಿಸಿದರು ಎಂದೂ ಅನ್ನಿಸಿತು. ಹೆಣದ ಪಕ್ಕ ನಿದ್ದೆ ಮಾಡಿದವಳಿಗೆ ಇನ್ನೊಮ್ಮೆ ಅದೇ ಕಾಯಿಲೆಯ ಚಾಕರಿ ಮಾಡಿಸಿ ಬುದ್ಧಿ ಕಲಿಸುತ್ತಿದ್ದಾರೆ. ಈ ಎರಡನೆಯ ಯೋಚನೆಯೇ ನನ್ನಲ್ಲಿ ಬೇರುಬಿಟ್ಟಿತು. ದಣಿದವರಿಗೆ ಕೆಟ್ಟದ್ದನ್ನು ನಂಬುವುದು ಸುಲಭ.

ಹೀಗೆ ಬಾಗಿಲಿಗೆ ಬಿಳಿ ಬಟ್ಟೆ ಬಿತ್ತು. ಹೊಟ್ಟೆಪಾಡಿಗೆ ಇಡ್ಲಿ ಬೇಯಿಸಿ ಮಾರತೊಡಗಿದೆ. ಒಗ್ಗರಣೆಯಿಲ್ಲದ ಚಟ್ನಿ ತಿಂದವರು ಎರಡನೆಯ ಸಲ ಬರುತ್ತಿದ್ದುದು ಬರೀ ಕನಿಕರಕ್ಕೆ. ಸಂಜೆಯಾದರೆ ಗುಂಡಿಲಿ ಎದ್ದು ಚಕ್ರದೊಳಗೆ ಓಡಲು ಶುರುಮಾಡುತ್ತಿತ್ತು, ಕಿರ್ ಕಿರ್ ಎಂದು. ಅತ್ತೆ ಪಂಜರದ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ನಾವಿಬ್ಬರೂ ಒಂದೇ ಮನೆಯಲ್ಲಿ, ಅನ್ನ ಬಡಿಸಲಾ, ಸಾಕು, ನೀರು ಕಾದಿದೆ, ಇಷ್ಟರಲ್ಲೇ ಮಾತು ಮುಗಿಸಿ ಬದುಕಿದೆವು.

ವರ್ಷ ತುಂಬುವ ಮೊದಲೇ ಅದು ಬಾಟಲಿಯ ನೀರನ್ನು ಮಧ್ಯಾಹ್ನದೊಳಗೆ ಖಾಲಿ ಮಾಡತೊಡಗಿತು. ಮರದ ಹೊಟ್ಟು ಸದಾ ಒದ್ದೆ. ಆ ನೀರಡಿಕೆ ನನಗೆ ಗೊತ್ತಿತ್ತು. ಅವತ್ತೇ ಜೋಳ, ಕ್ಯಾರೆಟ್ ನಿಲ್ಲಿಸಿದೆ, ಮೆಂತ್ಯ ನೆನೆಸಿಟ್ಟೆ. ಯಾರೂ ಹೇಳಿರಲಿಲ್ಲ, ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಎದುರುಮನೆಯ ಜಲಜಾಕ್ಷಿ ಗೇಟಿನಾಚೆಯಿಂದಲೇ ಕೇಳಿದಳು.

"ಏನ್ರೀ ಮಂಗಳಕ್ಕ, ಮೆಂತ್ಯ ಕೊಟ್ಟು ಆಯಸ್ಸು ಬೆಳೆಸ್ತಿದೀರಂತೆ? ಸುಮ್ನಿದ್ರೆ ಅದರ ಪಾಡಿಗೆ ಅದು ಹೋಗ್ತಿತ್ತಲ್ವಾ? ನಿಮ್ಮ ಕೈ ಚಿತ್ರಾನ್ನ ತಿಂದು ಎಷ್ಟು ಕಾಲ ಆಯ್ತು!"

ಅದು ಬೇಗ ಹೋಗಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದವಳು ನಾನೇ. ದಿನವೂ ಮೆಂತ್ಯ ನೆನೆಸುತ್ತಿದ್ದವಳೂ ನಾನೇ.

ಚಳಿಗಾಲದ ಒಂದು ಬೆಳಿಗ್ಗೆ ಪಂಜರ ನೋಡಿದರೆ ಗುಂಡಿಲಿ ಮುದುಡಿ ತಣ್ಣಗೆ ಬಿದ್ದಿತ್ತು. ಉಸಿರಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಮೊದಲು ನೆನಪಾದದ್ದು ಬಾಣಲೆ. ಓಡಿಹೋಗಿ ಒಲೆ ಹಚ್ಚಿ, ಎಣ್ಣೆ ಸುರಿದು, ಸಾಸಿವೆ ಚೆಲ್ಲಿಯೂಬಿಟ್ಟೆ. ಚಟಪಟ ಎಂದಿತು. ಆಗ ಕಡೆಯ ಸಲ ನೋಡೋಣವೆಂದು ಹಿಂದಿರುಗಿ ಅದನ್ನು ಅಂಗೈಗೆತ್ತಿಕೊಂಡೆ. ಎತ್ತಿಕೊಂಡ ಮೇಲೆ ನನ್ನ ಬೆರಳು ತಾನಾಗಿ ಅದರ ಎದೆ ಉಜ್ಜತೊಡಗಿತು.

"ಬಿಡೇ, ಹೋಗಿದ್ರೆ ಹೋಗ್ಲಿ," ಎಂದರು ಅತ್ತೆ ಮಂಚದಿಂದ.

ಎಂಥ ಕಲ್ಲುಮನಸ್ಸು ಎಂದುಕೊಂಡೆ. ಬಿಡಲಿಲ್ಲ. ಸೆರಗಿನಲ್ಲಿ ಸುತ್ತಿ, ಬಾಯಿಂದ ಬಿಸಿಯುಸಿರು ಊದಿ ಉಜ್ಜಿದೆ. ಸ್ವಲ್ಪ ಹೊತ್ತಿಗೆ ಮೀಸೆ ಅಲುಗಿತು. ಚಳಿಗೆ ಮರಗಟ್ಟಿತ್ತು ಅಷ್ಟೆ. ಅಷ್ಟರಲ್ಲಿ ಜಲಜಾಕ್ಷಿ ಮುಡಿ ಕಟ್ಟಿಕೊಳ್ಳಲೂ ನಿಲ್ಲದೆ ಕರಿಬೇವಿನ ಕೊಂಬೆಯನ್ನೇ ಮುರಿದುಕೊಂಡು ಬಾಗಿಲಿಗೆ ಬಂದಿದ್ದಳು. ನನ್ನ ಸೆರಗಿನಿಂದ ಇಣುಕಿದ ಬೂದು ಮೂತಿಯನ್ನು ನೋಡಿ, ಕರಿಬೇವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ವಾಪಸು ಹೋದಳು. ಒಲೆಯ ಮೇಲಿನ ಒಗ್ಗರಣೆಯನ್ನು ನಾನು ಬಚ್ಚಲಿಗೆ ಚೆಲ್ಲಿದೆ. ಚೆಲ್ಲುವಾಗ ಆದ ಸಂಕಟ ಗಂಡನನ್ನು ಸಾಗಿಸುವಾಗಲೂ ಆಗಿರಲಿಲ್ಲ.

ಆ ಚಳಿಗಾಲ ಅತ್ತೆಯನ್ನೂ ಹಿಡಿಯಿತು. ಕಾಲು ಊದಿಕೊಂಡಿತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ನೋಡಿದ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೃದಯ ದುರ್ಬಲವಾಗಿದೆ, ಉಪ್ಪು ಕಡಿಮೆ ಮಾಡಿ, ಏನೂ ಹೇಳಲಾಗುವುದಿಲ್ಲ ಎಂದರು. ನಾನು ತಲೆಯಾಡಿಸಿ ಒಳಗೆ ಬಂದು ನೆಲದ ಮೇಲೆ ಕೂತೆ. ಮುಂದಿನದೆಲ್ಲ ಕಣ್ಣ ಮುಂದೆ ಕಂಡಿತು. ಗುಂಡಿಲಿ ಇರುವಾಗಲೇ ಅತ್ತೆ ಹೋದರೆ, ಇದರ ಬೆನ್ನಿಗೆ ಅವರದೊಂದು ಪಂಜರ. ಬಿಳಿ ಬಟ್ಟೆ ಬಿಚ್ಚುವ ಗೋಜೇ ಇಲ್ಲ. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಪಡುವುದಕ್ಕೂ ಸುಸ್ತಾಗಿತ್ತು.

ಇತ್ತ ಗುಂಡಿಲಿ ನನ್ನ ಮೆಂತ್ಯಕ್ಕೆ ಬಗ್ಗಲಿಲ್ಲ. ವಾರ ವಾರಕ್ಕೂ ಸೊರಗುತ್ತಿತ್ತು, ನೀರಡಿಕೆ ಏರುತ್ತಲೇ ಇತ್ತು. ಎಲ್ಲಿ ತಪ್ಪುತ್ತಿದ್ದೇನೆ ಎಂದು ತಿಳಿಯಲಿಲ್ಲ. ಕಾರಣ ಒಂದು ಮಧ್ಯಾಹ್ನ ಕಣ್ಣಿಗೇ ಬಿತ್ತು. ಇಡ್ಲಿ ಪಾತ್ರೆ ಹಿಂದಿರುಗಿಸಲು ಹೋದವಳು ಹೊಸಿಲಾಚೆಯಿಂದಲೇ ಕೊಟ್ಟು ಬೇಗ ಬಂದೆ. ಮಂಚದಿಂದ ಏಳಲಾರದ ಅತ್ತೆ ಪಂಜರದ ಮುಂದೆ ಕೂತಿದ್ದರು. ಗೋಡೆ ಹಿಡಿದು ತೆವಳಿಕೊಂಡೇ ಬಂದಿರಬೇಕು. ಕಂಬಿಯ ಸಂದಿನಿಂದ ಬೆರಳು ತೂರಿಸಿ ಏನನ್ನೋ ತಿನ್ನಿಸುತ್ತಿದ್ದರು, ಗುಂಡಿಲಿ ಎರಡೂ ಕೈಯಲ್ಲಿ ಹಿಡಿದು ಚಪ್ಪರಿಸುತ್ತಿತ್ತು. ಹತ್ತಿರ ಹೋಗಿ ಅತ್ತೆಯ ಮುಷ್ಟಿ ಬಿಡಿಸಿದೆ. ಬೆಲ್ಲದ ಚೂರು.

"ಅತ್ತೆ! ಏನ್ ಮಾಡ್ತಿದೀರಾ ನೀವು? ಅದಕ್ಕೆ ಸಕ್ಕರೆ ಕಾಯ್ಲೆ! ನಾನು ಮೆಂತ್ಯ ಕೊಟ್ಟು ಸಾಯ್ತಿದೀನಿ, ನೀವು ಬೆಲ್ಲ ತಿನ್ನಿಸ್ತಿದೀರಾ?"

"ಮೆಲ್ಲಗೆ ಮಾತಾಡು. ಎದುರುಮನೆಯೋಳಿಗೆ ಕೇಳ್ಸುತ್ತೆ."

"ಯಾವತ್ತಿನಿಂದ?"

"ಕಾಯ್ಲೆ ಬಂದಾಗಿನಿಂದ."

"ಕೊಲ್ತಿದೀರಾ ಅದನ್ನ! ಊರಿಗೆ ಗೊತ್ತಾದ್ರೆ ಆಮೆ ತಂದು ಬಿಡ್ತಾರೆ, ಗೊತ್ತಿಲ್ವಾ ನಿಮ್ಗೆ? ನಾನೇನು ತಪ್ಪು ಮಾಡಿದೀನಿ ಅಂತ ಹಿಂಗೆ ಗೋಳು ಹೊಯ್ಕೊಳ್ತೀರಿ? ಅವತ್ತು ಅಂಗಡೀಲೂ ಹಂಗೇ ಮಾಡಿದ್ರಿ. ಸಾಬ್ರು ಹೇಳಿದ್ದು ಕೇಳಿಸ್ಕೊಳ್ದೆ ಬೂದುಬಣ್ಣದ್ದೇ ಬೇಕು ಅಂತ ಹಟ ಹಿಡಿದ್ರಿ."

"ಎಲ್ಲಾ ಕೇಳಿಸ್ತು," ಎಂದರು ಅತ್ತೆ. ಗೋಡೆಗೊರಗಿ ಉಸಿರು ಎಳೆದುಕೊಂಡರು. "ಒಂದೂವರೆ ವರ್ಷ ಅಂದ. ಕಾಯ್ಲೆ ಬಂದ್ರೆ ಇನ್ನೂ ಬೇಗ ಅಂದ. ಅದಕ್ಕೇ ಅದನ್ನ ತಗೊಂಡೆ."

ನಾನು ಅವರ ಕೈಯಿಂದ ಬೆಲ್ಲದ ಚೂರು ತೆಗೆದುಕೊಂಡೆ.

"ನೀನು ತಗೊಂಡಿದ್ರೆ ಊರು ನಿನ್ನ ಹುರಿದು ಮುಕ್ತಿತ್ತು. ಗಂಡನ ಹೆಣದ ಪಕ್ಕ ನಿದ್ದೆ ಹೊಡೆದೋಳು, ಈಗ ನೋಡು ಅಂತ. ಹೆತ್ತೋಳು ತಗೊಂಡ್ರೆ ಯಾವನು ಏನಂತಾನೆ? ಮುದುಕಿಗೆ ಕಿವಿ ಕೇಳ್ಸಲ್ಲ ಅಂತಾರೆ, ಅಷ್ಟೆ." ಅತ್ತೆ ಸೆರಗಿನಿಂದ ಬೆರಳ ಅಂಟು ಒರೆಸಿಕೊಂಡರು. "ಅವತ್ತು ನೀನು ನಿದ್ದೆ ಮಾಡಿದ್ದು ನೋಡಿ ನಂಗೆ ಹೊಟ್ಟೆ ಉರೀತು ಕಣೇ. ಕೋಪಕ್ಕಲ್ಲ. ಎಷ್ಟು ದಿನದಿಂದ ನಿದ್ದೆ ಇಲ್ಲ ಈ ಹುಡುಗಿಗೆ ಅಂತ. ಮೊಲ ತಂದು ಹಾಕಿದ್ದೂ ನಾನೇ ಅಲ್ವಾ? ನಿನ್ನ ಪ್ರಾಯ ಎಲ್ಲ ಆ ಮೊಲಕ್ಕೆ ಹೋಯ್ತು. ಇನ್ನು ನಾನು ಹೋಗ್ತೀನಿ. ಇದಿರುವಾಗ್ಲೇ ಹೋದ್ರೆ ಇದರ ಹಿಂದೆ ನಂದು. ನಡುವೆ ಒಂದಿಷ್ಟು ದಿನ ನಿಂಗೆ ಬೇಡ್ವಾ? ಒಗ್ಗರಣೆ ಹಾಕ್ಕೊಂಡು ಉಣ್ಣೋಕೆ?"

"ಅದಕ್ಕೆ ಬೆಲ್ಲ ಕೊಡೋದಾ ಅತ್ತೆ?"

"ನನ್ನ ಮಗ ಹೋಳಿಗೆ ಕೇಳಿ ಕೇಳಿ ಹೋದ. ನೀನು ಕೊಡ್ಲಿಲ್ಲ, ನಿಂದು ಸರಿ. ಇದು ಒಂದಾದ್ರೂ ಸಿಹಿ ತಿಂದು ಹೋಗ್ಲಿ ಅನ್ನಿಸ್ತು. ಅದನ್ನ ಕೊಲ್ಲೋದು ಅಂತಾರಾ?"

ಅವರ ತೋಳಿನಡಿ ಕೈ ಹಾಕಿ ಎಬ್ಬಿಸಿ ಮಂಚಕ್ಕೆ ಕರೆದೊಯ್ದೆ. ಎಷ್ಟು ಹಗುರವಾಗಿದ್ದರು! ಇಷ್ಟು ದಿನ ಇವರ ಮೇಲೆ ಹೊತ್ತ ಸಿಟ್ಟನ್ನೆಲ್ಲ ಎಲ್ಲಿ ಇಳಿಸುವುದು ಎಂದು ತಿಳಿಯದೆ ಅವರ ಊದಿದ ಕಾಲು ಒತ್ತುತ್ತ ಕೂತೆ. ಅವತ್ತು ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಮೆಂತ್ಯ ನೆನೆಸುವುದನ್ನೂ ಬಿಟ್ಟೆ. ಅವರೂ ಎಳೆಯುವುದು ಬೇಡ, ನಾನೂ ಎಳೆಯುವುದು ಬೇಡ, ಅದರ ಪಾಡಿಗೆ ಅದು ಇರಲಿ. ಸಂಜೆ ಹೊತ್ತು ಇಬ್ಬರೂ ಪಂಜರದ ಮುಂದೆ ಕೂರುತ್ತಿದ್ದೆವು. ಅತ್ತೆ ವಿರೂಪಾಕ್ಷನ ಚಿಕ್ಕಂದಿನ ತಂಟೆಗಳನ್ನು ಹೇಳುತ್ತಿದ್ದರು, ಗುಂಡಿಲಿ ಮೆಲ್ಲಗೆ ಚಕ್ರ ತಿರುಗಿಸುತ್ತಿತ್ತು. ಆ ದಿನಗಳಲ್ಲಿ ಮೊದಲ ಸಲ ನಾವು ಮಾತಾಡಿದೆವು.

ಬಿಸಿಲು ಏರುವ ಕಾಲಕ್ಕೆ ಅದು ಹೋಯಿತು. ಮರದ ಹೊಟ್ಟಿನಲ್ಲಿ ಗೂಡು ಮಾಡಿಕೊಂಡು, ಮೂತಿಯನ್ನು ಹೊಟ್ಟೆಗೆ ಸಿಕ್ಕಿಸಿಕೊಂಡು ಮಲಗಿತ್ತು. ಈ ಸಲ ಚಳಿಯ ನೆಪವಿರಲಿಲ್ಲ. ಆದರೂ ಅಂಗೈಯಲ್ಲಿಟ್ಟುಕೊಂಡು ಉಜ್ಜಿದೆ, ಬಹಳ ಹೊತ್ತು ಉಜ್ಜಿದೆ. ಅತ್ತೆ ಬಿಡೇ ಎನ್ನಲಿಲ್ಲ. ಕೊನೆಗೆ ದಾಸವಾಳದ ಗಿಡದ ಬುಡದಲ್ಲಿ ಮಣ್ಣು ಮಾಡಿ, ಸ್ನಾನ ಮಾಡಿ, ಬಾಗಿಲ ಬಟ್ಟೆ ಬಿಚ್ಚಿದೆ. ಸಂತೋಷವಾಗಬೇಕಿತ್ತು. ಮೈಯೆಲ್ಲ ಭಾರವಾಗಿ ಅಡುಗೆಮನೆಯ ಹೊಸಿಲ ಮೇಲೆ ಕೂತೆ.

"ಸಾಸಿವೆ ಎಲ್ಲಿಟ್ಟಿದೀಯೇ?" ಎಂದು ಅತ್ತೆ ಮಂಚದಿಂದ ಕೂಗಿದರು. "ನಂಗೆ ಹಸಿವಾಗ್ತಿದೆ."

ಎದ್ದೆ. ಎಣ್ಣೆ ಕಾಯಿಸಿದೆ. ಸಾಸಿವೆ, ಇಂಗು, ಒಣಮೆಣಸಿನಕಾಯಿ. ಚಟಪಟ ಎಂದದ್ದೇ ಘಾಟು ಎದ್ದು ಕಣ್ಣಿಗೆ ಹೊಡೆಯಿತು, ನೀರು ಬಂತು. ಒರೆಸಿಕೊಂಡೆ, ಮತ್ತೆ ಬಂತು. ಆಮೇಲೆ ನಿಲ್ಲಲಿಲ್ಲ. ಒಲೆಯ ಮುಂದೆ ನಿಂತು ವಿರೂಪಾಕ್ಷನಿಗಾಗಿ ನಾನು ಅತ್ತುಬಿಟ್ಟೆ, ಅವನ ಹೋಳಿಗೆಗಾಗಿ, ಅವನ ಪಾದಕ್ಕಾಗಿ, ಹೆಣದ ಪಕ್ಕ ಮಾಡಿದ ನಿದ್ದೆಗಾಗಿ. ಇಷ್ಟು ಕಾಲ ಮನೆಯಲ್ಲಿ ಸೂತಕವಿತ್ತು, ಅಳು ಇರಲಿಲ್ಲ. ಬಾಗಿಲಲ್ಲಿ ಜಲಜಾಕ್ಷಿ ಬಂದು ನಿಂತಿದ್ದಳು, ಈ ಸಲ ಎರಡೇ ಎರಡು ಎಸಳು ಹಿಡಿದು.

"ಈ ಸಲ ನಿಜಾನೇನ್ರೀ?" ಎಂದು ಮೆಲ್ಲಗೆ ಕೇಳಿದಳು. ನನ್ನ ಮುಖ ನೋಡಿ ಗಾಬರಿಯಾದಳು.

"ಮೆಣಸಿನಕಾಯಿ ಘಾಟು ಕಣಮ್ಮ, ಅಳ್ಲಿ ಬಿಡು," ಎಂದು ಅತ್ತೆಯೇ ಉತ್ತರ ಕೊಟ್ಟರು.

ಅವಳು ಹೋದ ಮೇಲೆ ಅತ್ತೆಯನ್ನು ಗೋಡೆಗೊರಗಿಸಿ ಕೂರಿಸಿ, ಅನ್ನಕ್ಕೆ ಸಾರು ಹಾಕಿ ಕಲೆಸಿ ತಟ್ಟೆ ಕೊಟ್ಟೆ. ಡಾಕ್ಟರ ಮಾತು ನೆನಪಾಯಿತು, ಆದರೂ ಅವತ್ತು ಉಪ್ಪು ಸರಿಯಾಗಿಯೇ ಹಾಕಿದ್ದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಸಾಸಿವೆ ಹಲ್ಲಿಗೆ ಸಿಕ್ಕಿದ್ದು ನನಗೂ ಕೇಳಿಸಿದಂತಾಯಿತು.

"ಇಲ್ಲಿ ಕೇಳು," ಎಂದರು ಎರಡನೆಯ ತುತ್ತಿಗೆ. "ನಂದು ಆದಾಗ ಸಾಬ್ರ ಹತ್ರ ಚಿಕ್ಕ ಮರಿ ತಗೋಬೇಡ. ಅಂಗಡೀಲಿ ಉಳ್ದು ಉಳ್ದು ಮುದಿಯಾಗಿರೋದು ಒಂದಾದ್ರೂ ಇರುತ್ತೆ, ಹಲ್ಲು ಸವ್ದಿರೋದು. ಅದನ್ನ ನೋಡಿ ತಾ. ಎರಡು ತಿಂಗ್ಳಲ್ಲಿ ಮುಗ್ದೋಗ್ಬೇಕು. ಕೇಳಿಸ್ತಾ?"

ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ.

"ಆಮೆ ತರ್ತೀನಿ," ಎಂದೆ. "ಸುಮ್ನೆ ಊಟ ಮಾಡಿ."

ಅತ್ತೆಯ ಬಲಗಿವಿಗೆ ಚೆನ್ನಾಗಿಯೇ ಕೇಳಿಸಿತ್ತು.

"ಹುಚ್ಚಿ," ಎಂದು ತಟ್ಟೆ ಮುಂದೆ ಚಾಚಿದರು. "ಇನ್ನೊಂದು ಸೌಟು ಹಾಕು. ಒಗ್ಗರಣೆ ಮೇಲಿಂದ ತೆಗ್ದು ಹಾಕು."